ಹುಡುಕುವ ನಾಯಿ, ಹಿಂಬಾಲಿಸುವ ಮನುಷ್ಯ

ಎರಡನೆಯ ಮಹಾಯುದ್ಧದ ಕೊನೆಯ ತಿಂಗಳುಗಳಲ್ಲಿ ಇರ್ಮಾ ಮತ್ತು ಸೈಕಿ ಎಂಬ ಎರಡು ಅಲ್ಸೇಷಿಯನ್ ನಾಯಿಗಳು ಲಂಡನ್ನಿನ ಕುಸಿದುಬಿದ್ದ ಮನೆಗಳ ನಡುವೆ ದುಡಿದವು. ಅವೆರಡೂ ಸೇರಿ ಅವಶೇಷಗಳ ಅಡಿಯಲ್ಲಿ ಪತ್ತೆಮಾಡಿದವರು ಒಟ್ಟು 233 ಮಂದಿ ಎಂದು ದಾಖಲಾಗಿದೆ. ಅವರಲ್ಲಿ ಜೀವಂತವಾಗಿ ಸಿಕ್ಕವರು 21 ಮಂದಿ. ನಾಯಿಗಳ ಸಾಹಸವನ್ನು ಹೇಳುವ ಜನಪ್ರಿಯ ಬರಹಗಳು ಮೊದಲ ಅಂಕಿಯನ್ನು ಉತ್ಸಾಹದಿಂದ ಹೇಳಿ ಎರಡನೆಯದರ ಹತ್ತಿರ ಸುಮ್ಮನಾಗುವುದುಂಟು. ಆದರೆ ಆ ಎರಡು ಅಂಕಿಗಳ ನಡುವಿನ ಅಂತರದಲ್ಲಿಯೇ ಈ ಕೆಲಸದ ನಿಜವಾದ ಸ್ವರೂಪ ಇದೆ. ಉಳಿದ 212 ಮಂದಿಯನ್ನು ಹುಡುಕುವುದಕ್ಕೂ ಅಷ್ಟೇ ಹೊತ್ತು, ಅಷ್ಟೇ ಶ್ರಮ, ಅಷ್ಟೇ ಅಪಾಯ ತಗಲಿತ್ತು. ಆ ನಾಯಿಗಳ ಹಿಂದೆ ನಡೆದ ಮಹಿಳೆ ಸೈನ್ಯದ ಅಧಿಕಾರಿಯಾಗಿರಲಿಲ್ಲ. ನಾಯಿ ಸಾಕಣೆಯಲ್ಲಿ ಹೆಸರು ಮಾಡಿದ್ದ ಮಾರ್ಗರೆಟ್ ಗ್ರಿಫಿನ್ ಎಂಬ ಗೃಹಸ್ಥೆ ತನ್ನ ಸ್ವಂತ ನಾಯಿಗಳನ್ನು ಕರೆದುಕೊಂಡು ಈ ಕೆಲಸಕ್ಕೆ ಬಂದಿದ್ದಳು.

ಕಾಣೆಯಾದವರನ್ನು ನಾಯಿಯ ನೆರವಿನಿಂದ ಹುಡುಕುವ ಕೆಲಸ ಇಂದು ಅನೇಕ ದೇಶಗಳಲ್ಲಿ ವ್ಯವಸ್ಥಿತವಾಗಿ ನಡೆಯುತ್ತಿದೆ. ಅದರ ಇತಿಹಾಸವನ್ನು ನೋಡಿದರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಈ ವಿದ್ಯೆಯನ್ನು ಮೊದಲು ಕೈಗೆತ್ತಿಕೊಂಡವರು ಬಹುಪಾಲು ಖಾಸಗಿ ವ್ಯಕ್ತಿಗಳು. ಸರ್ಕಾರ ಮತ್ತು ಸೇನೆಗಳು ಅವರ ಹಿಂದೆ, ಕೆಲವೊಮ್ಮೆ ಬಹಳ ತಡವಾಗಿ, ಬಂದವು.

*

ಈ ಇತಿಹಾಸದ ಆರಂಭದಲ್ಲಿ ಎಲ್ಲರಿಗೂ ನೆನಪಾಗುವುದು ಬ್ಯಾರಿ. ಸ್ವಿಟ್ಜರ್ಲೆಂಡ್ ಮತ್ತು ಇಟಲಿಗಳ ನಡುವಿನ ಗ್ರೇಟ್ ಸೇಂಟ್ ಬರ್ನಾರ್ಡ್ ಕಣಿವೆದಾರಿಯಲ್ಲಿ, ಸಮುದ್ರಮಟ್ಟದಿಂದ 2,400 ಮೀಟರಿಗೂ ಹೆಚ್ಚು ಎತ್ತರದಲ್ಲಿ, ಕ್ರೈಸ್ತ ಸನ್ಯಾಸಿಗಳ ಒಂದು ಧರ್ಮಛತ್ರವಿದೆ. ಹಿಮದಲ್ಲಿ ದಾರಿತಪ್ಪಿದ ಪ್ರಯಾಣಿಕರನ್ನು ಕರೆತರಲು ಅಲ್ಲಿನವರು ನಾಯಿಗಳನ್ನು ಸಾಕಿದ್ದರು. 1800ರಲ್ಲಿ ಹುಟ್ಟಿದ ಬ್ಯಾರಿ ನಲವತ್ತಕ್ಕೂ ಹೆಚ್ಚು ಜೀವ ಉಳಿಸಿತೆಂದು ಪ್ರತೀತಿ. ನಲವತ್ತೊಂದನೆಯವನು ಅದನ್ನು ತೋಳವೆಂದು ತಿಳಿದು ಇರಿದು ಕೊಂದನೆಂಬ ಕತೆಯೂ ಹಬ್ಬಿತು. ವಾಸ್ತವದಲ್ಲಿ ಬ್ಯಾರಿಗೆ ವಯಸ್ಸಾದಾಗ ಅದನ್ನು ಬರ್ನ್ ನಗರಕ್ಕೆ ಕರೆತಂದರು. ಅಲ್ಲಿ 1814ರಲ್ಲಿ ಅದು ಮುಪ್ಪಿನಿಂದ ಸತ್ತಿತು. ಅದರ ತುಂಬಿಸಿಟ್ಟ ದೇಹವನ್ನು ಇಂದಿಗೂ ಆ ನಗರದ ನಿಸರ್ಗ ಇತಿಹಾಸ ಸಂಗ್ರಹಾಲಯದಲ್ಲಿ ಕಾಣಬಹುದು. ಸೇಂಟ್ ಬರ್ನಾರ್ಡ್ ನಾಯಿಯ ಕೊರಳಿಗೆ ನಾವು ಚಿತ್ರಗಳಲ್ಲಿ ನೋಡುವ ಬ್ರಾಂಡಿಯ ಪುಟ್ಟ ಪೀಪಾಯಿ ಕೂಡ 1820ರಲ್ಲಿ ಎಡ್ವಿನ್ ಲ್ಯಾಂಡ್‌ಸಿಯರ್ ಎಂಬ ಆಂಗ್ಲ ಚಿತ್ರಕಾರ ಬರೆದ ಒಂದು ಚಿತ್ರದಿಂದ ಪ್ರಸಿದ್ಧವಾದದ್ದು.

ದಂತಕತೆಯಲ್ಲಿ ಬ್ಯಾರಿ ಒಂಟಿ ವೀರ. ಆದರೆ ಛತ್ರದ ನಾಯಿಗಳು ಅಲ್ಲಿನ ಸನ್ಯಾಸಿಗಳೊಡನೆ, ದಾರಿ ತೋರಿಸುವ ಸೇವಕರೊಡನೆ ದುಡಿದವು. ಹಿಮದಲ್ಲಿ ಗುಂಡಿ ತೋಡಿದವರು, ಹೊತ್ತು ತಂದವರು, ಒಲೆಯ ಮುಂದೆ ಕೂರಿಸಿ ಗಂಜಿ ಕುಡಿಸಿದವರು ಮನುಷ್ಯರೇ. ಅವರ ಹೆಸರುಗಳು ನಮಗೆ ಉಳಿದಿಲ್ಲ. ಹೀಗೆ ನಾಯಿಯನ್ನು ನೆನೆದು ಅದರ ಜೊತೆಗಾರನನ್ನು ಮರೆಯುವ ರೂಢಿ ಬ್ಯಾರಿಯ ಕಾಲದಿಂದಲೇ ಬಂದದ್ದು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ವಿದ್ಯೆ ಯುದ್ಧಭೂಮಿಗೆ ಇಳಿಯಿತು. ಗಾಯಗೊಂಡು ಪೊದೆಗಳಲ್ಲಿ ಬಿದ್ದ ಸೈನಿಕರನ್ನು ಕತ್ತಲಲ್ಲಿ ಹುಡುಕಲು ನಾಯಿಗಳನ್ನು ತರಬೇತಿಗೊಳಿಸಬಹುದೆಂದು ಜರ್ಮನಿಯಲ್ಲಿ 1890ರ ದಶಕದಲ್ಲಿ ಸಂಘ ಕಟ್ಟಿದವನು ಜೀನ್ ಬುಂಗಾರ್ಟ್ಜ್ ಎಂಬ ಪ್ರಾಣಿಚಿತ್ರಕಾರ. ಮೊದಲ ಮಹಾಯುದ್ಧದ ಹೊತ್ತಿಗೆ ರೆಡ್‌ಕ್ರಾಸ್ ಗುರುತು ತೊಟ್ಟ ಇಂಥ ನಾಯಿಗಳು ಯುರೋಪಿನ ಹಲವು ಸೇನೆಗಳಲ್ಲಿದ್ದವು. ಗಾಯಾಳುವನ್ನು ಕಂಡ ನಾಯಿ ಅವನ ಟೋಪಿಯನ್ನೋ, ತನ್ನ ಕೊರಳಪಟ್ಟಿಗೆ ತೂಗುಬಿಟ್ಟ ಚರ್ಮದ ತುಂಡನ್ನೋ ಬಾಯಲ್ಲಿ ಕಚ್ಚಿಕೊಂಡು ಹಿಂತಿರುಗಬೇಕು. ಆಗ ಜೊತೆಗಾರ ಅದರ ಹಿಂದೆ ಹೋಗಬೇಕು. ಸತ್ತವರನ್ನು ಬಿಟ್ಟು ಮುಂದೆ ಸಾಗುವಂತೆ ಈ ನಾಯಿಗಳಿಗೆ ಕಲಿಸಲಾಗಿತ್ತು. ಯುದ್ಧಭೂಮಿಯ ತರ್ಕ ಅದು. ಬ್ರಿಟನ್ನಿನಲ್ಲಿ ಎಡ್ವಿನ್ ರಿಚರ್ಡ್‌ಸನ್ ಎಂಬ ನಿವೃತ್ತ ಸೇನಾಧಿಕಾರಿ ಯುದ್ಧಕ್ಕೆ ಎಷ್ಟೋ ವರ್ಷ ಮುಂಚೆಯೇ ಸ್ವಂತ ಆಸಕ್ತಿಯಿಂದ ನಾಯಿಗಳನ್ನು ತಯಾರು ಮಾಡುತ್ತಿದ್ದ. ಅವನ ಉಸ್ತುವಾರಿಯಲ್ಲಿ ಸೈನ್ಯ ಒಂದು ನಾಯಿಶಾಲೆ ತೆರೆದದ್ದು ಮಾತ್ರ 1917ರಲ್ಲಿ, ಯುದ್ಧ ಮೂರು ವರ್ಷ ನಡೆದ ಮೇಲೆ.

*

ಕುಸಿದ ಕಟ್ಟಡಗಳ ಅಡಿಯಿಂದ ನಾಗರಿಕರನ್ನು ಹುಡುಕುವ ಕೆಲಸಕ್ಕೆ ನಾಯಿ ಬಂದದ್ದು ಲಂಡನ್ನಿನಲ್ಲಿ. ಅದಕ್ಕೆ ಮುಂಚಿನ ಒಂದು ಕಹಿ ಸಂಗತಿಯನ್ನು ಇಲ್ಲಿ ಹೇಳಬೇಕು. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಘೋಷಣೆಯಾದ ಮೊದಲ ಕೆಲವೇ ದಿನಗಳಲ್ಲಿ ಲಂಡನ್ನಿನ ಜನ ತಮ್ಮ ಸುಮಾರು 4 ಲಕ್ಷ ನಾಯಿಬೆಕ್ಕುಗಳನ್ನು ಪಶುವೈದ್ಯರ ಬಳಿಗೆ ಒಯ್ದು ಕೊಲ್ಲಿಸಿದರು. ಬಾಂಬಿನ ಭಯ, ಆಹಾರದ ಅಭಾವದ ಭಯ, ಮಕ್ಕಳೊಡನೆ ಊರು ಬಿಡಬೇಕಾದ ಅನಿವಾರ್ಯ, ಎಲ್ಲವೂ ಸೇರಿತ್ತು. ಬದುಕುಳಿದ ನಾಯಿಗಳಿಗೆ ಪಡಿತರವಿರಲಿಲ್ಲ. ಮನುಷ್ಯರು ತಿನ್ನಬಹುದಾದ ಆಹಾರವನ್ನು ಹಾಳು ಮಾಡುವುದು 1940ರಿಂದ ಶಿಕ್ಷಾರ್ಹ ಅಪರಾಧವೂ ಆಯಿತು.

ಇಂಥ ಹೊತ್ತಿನಲ್ಲಿ, 1940ರಲ್ಲಿ, ಪೂರ್ವ ಲಂಡನ್ನಿನ ಬಡಜನರ ವಸತಿ ಪಾಪ್ಲರ್‌ನಲ್ಲಿ ಬಾಂಬ್ ದಾಳಿಯ ನಂತರ ದಿಕ್ಕಿಲ್ಲದೆ ತಿರುಗುತ್ತಿದ್ದ ಒಂದು ಬೀದಿನಾಯಿಗೆ ಕಿಂಗ್ ಎಂಬ ವಾರ್ಡನ್ ತನ್ನ ಪಾಲಿನ ತುಣುಕು ಹಾಕಿದ. ವಾಯುದಾಳಿಯ ಸಮಯದಲ್ಲಿ ಬೀದಿಬೀದಿಯ ಉಸ್ತುವಾರಿ ನೋಡುತ್ತಿದ್ದ ಈ ವಾರ್ಡನ್‌ಗಳಲ್ಲಿ ಹೆಚ್ಚಿನವರು ಹಗಲೆಲ್ಲ ತಮ್ಮ ತಮ್ಮ ಉದ್ಯೋಗ ಮಾಡಿ ರಾತ್ರಿ ಸೇವೆಗೆ ಬರುತ್ತಿದ್ದ ಸ್ವಯಂಸೇವಕರು. ನಾಯಿ ಅವನನ್ನು ಬಿಡಲಿಲ್ಲ. ಅದಕ್ಕೆ ರಿಪ್ ಎಂದು ಹೆಸರಾಯಿತು. ಯಾರೂ ಕಲಿಸದೆಯೇ ಅದು ಅವಶೇಷಗಳ ಮೇಲೆ ಮೂಸುತ್ತಾ ಒಂದೆಡೆ ನಿಂತು ಕೆರೆಯುತ್ತಿತ್ತು. ಅಲ್ಲಿ ಅಗೆದರೆ ಮನುಷ್ಯರು ಸಿಗುತ್ತಿದ್ದರು. ರಿಪ್ ಹೀಗೆ ನೂರಕ್ಕೂ ಹೆಚ್ಚು ಮಂದಿಯ ಪತ್ತೆಗೆ ನೆರವಾಯಿತು. ಅದೇ ವರ್ಷ ಬಡವರ ಪ್ರಾಣಿಗಳಿಗೆ ಉಚಿತ ಚಿಕಿತ್ಸೆ ನೀಡುತ್ತಿದ್ದ ಪಿಡಿಎಸ್ಎ ಸಂಸ್ಥೆಯ ಬಿಲ್ ಬಾರ್ನೆಟ್, ಅವಶೇಷಗಳಡಿ ಸಿಲುಕಿದ ಸಾಕುಪ್ರಾಣಿಗಳನ್ನು ಬಿಡಿಸಲು ಹೋಗುವಾಗ ತನ್ನ ಟೆರಿಯರ್ ನಾಯಿ ಬ್ಯೂಟಿಯನ್ನೂ ಜೊತೆಗೆ ಕರೆದೊಯ್ಯುತ್ತಿದ್ದ. ಸುಮ್ಮನೆ ಸಂಗಾತಿಯಾಗಿ ಹೋದ ಬ್ಯೂಟಿ ಒಂದು ದಿನ ತಾನೇ ಮಣ್ಣು ಕೆರೆದು ಒಂದು ಬೆಕ್ಕನ್ನು ತೋರಿಸಿತು. ಮುಂದೆ ಅದು 63 ಪ್ರಾಣಿಗಳನ್ನು ಪತ್ತೆಮಾಡಿತು.

ರಿಪ್‌ನಂಥ ನಾಯಿಗಳ ಈ ಕೆಲಸವನ್ನು ಕಂಡ ಮೇಲೆಯೇ ಅಧಿಕೃತ ತರಬೇತಿಯ ಯೋಚನೆ ಬಲಗೊಂಡಿತು. ಗ್ಲಾಸ್ಟರ್ ಸಮೀಪ ವಿಮಾನ ಉತ್ಪಾದನಾ ಸಚಿವಾಲಯದ ಕಾವಲುನಾಯಿಗಳ ಶಾಲೆಯೊಂದಿತ್ತು. ಮಾರ್ಗರೆಟ್ ಗ್ರಿಫಿನ್ ಅಲ್ಲಿ ತರಬೇತುದಾರಳಾಗಿದ್ದಳು. 1944ರ ಜೂನಿನಲ್ಲಿ ಜರ್ಮನಿಯ ವಿ-1 ಹಾರುಬಾಂಬುಗಳೂ ಸೆಪ್ಟೆಂಬರಿನಲ್ಲಿ ವಿ-2 ರಾಕೆಟ್ಟುಗಳೂ ಲಂಡನ್ನಿನ ಮೇಲೆ ಬೀಳತೊಡಗಿದವು. ವಿ-2 ಬರುವ ಮುನ್ನ ಸೈರನ್ ಕೂಗಲು ಸಮಯವೇ ಇರುತ್ತಿರಲಿಲ್ಲ. ಜನ ಅಡುಗೆಮನೆಯಲ್ಲಿ, ಹಾಸಿಗೆಯಲ್ಲಿ, ಅಂಗಡಿಯ ಸಾಲಿನಲ್ಲಿ ಇದ್ದಂತೆಯೇ ಹೂತುಹೋಗುತ್ತಿದ್ದರು. ಯಾವ ಮನೆಯಲ್ಲಿ ಎಷ್ಟು ಜನ ಇದ್ದರು ಎಂಬುದನ್ನು ಹೇಳಲು ನೆರೆಹೊರೆಯವರೂ ಉಳಿದಿರುತ್ತಿರಲಿಲ್ಲ. ಆ ಅಕ್ಟೋಬರಿನಲ್ಲಿ ಚೆಲ್ಸಿಯಲ್ಲಿ ಜೆಟ್ ಎಂಬ ಕಪ್ಪು ಅಲ್ಸೇಷಿಯನ್ ನಾಯಿಯನ್ನು ಮೊದಲ ಬಾರಿಗೆ ಅಧಿಕೃತವಾಗಿ ಈ ಕೆಲಸಕ್ಕೆ ಇಳಿಸಿದರು. ಜೆಟ್ ಸರ್ಕಾರದ ನಾಯಿಯಾಗಿರಲಿಲ್ಲ. ಲಿವರ್‌ಪೂಲ್‌ನ ಒಬ್ಬ ಮಹಿಳೆ ತನ್ನ ಒಂಬತ್ತು ತಿಂಗಳ ಮರಿಯನ್ನು ಯುದ್ಧ ಮುಗಿಯುವ ತನಕ ಎರವಲು ಕೊಟ್ಟಿದ್ದಳು. ಇರ್ಮಾ, ಸೈಕಿಗಳು ಗ್ರಿಫಿನ್‌ಳ ಸ್ವಂತದ್ದು. ಮನೆಯ ನಾಯಿಯನ್ನು ಯುದ್ಧಕ್ಕೆ ಎರವಲು ಕೊಟ್ಟ ಸಾವಿರಾರು ಕುಟುಂಬಗಳನ್ನೂ ನಾವು ಸ್ವಯಂಸೇವಕರ ಪಟ್ಟಿಯಲ್ಲಿ ಸೇರಿಸಬೇಕು.

ಆ ಕೆಲಸದ ಕಷ್ಟವನ್ನು ಊಹಿಸುವುದು ಅಗತ್ಯ. ಒಡೆದ ಗ್ಯಾಸ್ ಕೊಳವೆ, ಚರಂಡಿಯ ನೀರು, ಹೊಗೆ, ಸುಣ್ಣದ ಧೂಳು, ಸತ್ತ ಪ್ರಾಣಿಗಳು, ನೂರಾರು ಜನ ತುಳಿದಾಡಿದ ನೆಲ ಇವೆಲ್ಲದರ ನಡುವೆ ನಾಯಿ ಒಂದೇ ಒಂದು ವಾಸನೆಯನ್ನು ಬೇರ್ಪಡಿಸಬೇಕು. ಜೊತೆಗಾರಳಿಗೆ ಅದಕ್ಕಿಂತ ಕಠಿಣವಾದ ಇನ್ನೊಂದು ಕೆಲಸವಿತ್ತು: ನಾಯಿ ಹೇಳಿದ್ದನ್ನು ನಂಬುವುದು, ಮತ್ತು ಹಾರೆ ಹಿಡಿದು ನಿಂತ ದಣಿದ ಗಂಡಸರನ್ನು ನಂಬಿಸುವುದು. ಇರ್ಮಾ ಬದುಕಿದವರನ್ನು ಕಂಡಾಗ ಒಂದು ಬಗೆಯಾಗಿ, ಸತ್ತವರನ್ನು ಕಂಡಾಗ ಇನ್ನೊಂದು ಬಗೆಯಾಗಿ ಬೊಗಳುತ್ತಿತ್ತು. ಒಮ್ಮೆ ಅದು ಬದುಕಿದ್ದಾರೆಂದು ಸೂಚಿಸಿದ ಕಡೆ ಅಗೆದಾಗ ಸಿಕ್ಕ ದೇಹ ಸತ್ತಂತೆಯೇ ಕಂಡಿತು. ಸ್ವಲ್ಪ ಹೊತ್ತಿನ ಮೇಲೆ ಆ ದೇಹ ಅಲುಗಿತು. ಇನ್ನೊಮ್ಮೆ ಕುಸಿದ ಮನೆಯೊಂದರ ಬಳಿಯಿಂದ ಅದು ಎರಡು ದಿನ ಕದಲಲಿಲ್ಲ. ಕೊನೆಗೆ ಅಲ್ಲಿಂದ ಇಬ್ಬರು ಹುಡುಗಿಯರು ಜೀವಂತವಾಗಿ ಹೊರಬಂದರು. ಎರಡನೆಯ ದಿನ ಸಂಜೆ, ಬೇರೆ ಬೀದಿಗಳಿಂದ ಕರೆ ಬರುತ್ತಿರುವಾಗ, ಒಂದು ನಾಯಿಯ ಹಟವನ್ನು ನೆಚ್ಚಿ ಅಗೆತವನ್ನು ಮುಂದುವರಿಸಲು ಎಂಥ ವಿಶ್ವಾಸ ಬೇಕು!

ಪಿಡಿಎಸ್ಎ ಸಂಸ್ಥಾಪಕಿ ಮರಿಯಾ ಡಿಕಿನ್ 1943ರಲ್ಲಿ ಪ್ರಾಣಿಗಳಿಗಾಗಿ ಸ್ಥಾಪಿಸಿದ್ದ ಪದಕವನ್ನು 1945ರಲ್ಲಿ ರಿಪ್, ಬ್ಯೂಟಿ, ಜೆಟ್, ಇರ್ಮಾ ಎಲ್ಲವೂ ಪಡೆದವು. ಯುದ್ಧ ಮುಗಿಯಿತು. ರಿಪ್ 1946ರಲ್ಲಿ ಸತ್ತಿತು. ಜೆಟ್ ತನ್ನ ಯಜಮಾನಿಯ ಮನೆಗೆ ಹಿಂತಿರುಗಿತು. ಆದರೆ ಅದಕ್ಕೆ ಇನ್ನೊಂದು ಕರೆ ಕಾದಿತ್ತು. 1947ರ ಆಗಸ್ಟ್ 15ರಂದು, ನಮ್ಮ ದೇಶ ಸ್ವಾತಂತ್ರ್ಯದ ಮೊದಲ ಹಗಲನ್ನು ಕಾಣುತ್ತಿದ್ದ ದಿನವೇ, ಇಂಗ್ಲೆಂಡಿನ ವೈಟ್‌ಹೇವನ್ ಪಟ್ಟಣದ ವಿಲಿಯಂ ಕಲ್ಲಿದ್ದಲ ಗಣಿಯಲ್ಲಿ ಸ್ಫೋಟ ಸಂಭವಿಸಿ 104 ಕಾರ್ಮಿಕರು ಸತ್ತರು. ಅಲ್ಲಿಗೆ ಜೆಟ್‌ನನ್ನು ಕರೆಸಿದರು. ಸುರಂಗದ ಚಾವಣಿ ಕುಸಿಯಲಿರುವುದನ್ನು ಮೊದಲೇ ಗ್ರಹಿಸಿ ರಕ್ಷಣಾ ತಂಡದವರನ್ನು ಅದು ಎಚ್ಚರಿಸಿತೆಂದು ಹೇಳುತ್ತಾರೆ. 1949ರಲ್ಲಿ ಸತ್ತ ಜೆಟ್‌ನ ಸ್ಮಾರಕ ಲಿವರ್‌ಪೂಲ್‌ನ ಕಾಲ್ಡರ್‌ಸ್ಟೋನ್ಸ್ ಉದ್ಯಾನದಲ್ಲಿದೆ.

*

ಲಂಡನ್ನಿನ ಬೀದಿಗಳಲ್ಲಿ ಕಲಿತದ್ದು ಶಾಂತಿಕಾಲದಲ್ಲಿ ಬಹುಮಟ್ಟಿಗೆ ಮರೆತುಹೋಯಿತು. ವಿದ್ಯೆ ಉಳಿದದ್ದು ಪರ್ವತಗಳಲ್ಲಿ. ಸ್ವಿಟ್ಜರ್ಲೆಂಡಿನಲ್ಲಿ 1930ರ ದಶಕದ ಕೊನೆಗೆ, ಹಿಮಕುಸಿತದಲ್ಲಿ ಹೂತವನನ್ನು ಒಂದು ಸಾಕುನಾಯಿ ತೋರಿಸಿಕೊಟ್ಟ ಸುದ್ದಿ ಕೇಳಿದ ಫರ್ಡಿನಾಂಡ್ ಶ್ಮುಟ್ಜ್ ಎಂಬ ನಾಯಿಪಳಗಿಸುವವನು ಅದೊಂದು ಆಕಸ್ಮಿಕವೆಂದು ಬಿಟ್ಟುಬಿಡಲಿಲ್ಲ. ಅವನು ತಯಾರು ಮಾಡಿದ ನಾಯಿಗಳನ್ನು ಕಂಡು ಸ್ವಿಸ್ ಸೇನೆ ಅದನ್ನು ಮುಂದುವರಿಸಿತು. ಅಲ್ಲಿನ ತರಬೇತಿಯನ್ನು ಕಂಡುಬಂದ ಸ್ಕಾಟ್ಲೆಂಡಿನ ಪರ್ವತಾರೋಹಿ ಹ್ಯಾಮಿಶ್ ಮ್ಯಾಕ್‌ಇನ್ನೆಸ್ ತನ್ನ ರಾಂಗಿ, ಟಿಕಿ ಎಂಬ ಅಲ್ಸೇಷಿಯನ್‌ಗಳನ್ನು ಗ್ಲೆನ್‌ಕೋ ಕಣಿವೆಯಲ್ಲಿ ತರಬೇತಿಗೊಳಿಸಿದ. 1965ರಲ್ಲಿ ಅಲ್ಲಿ ಶೋಧನೆ ಮತ್ತು ರಕ್ಷಣಾ ನಾಯಿಗಳ ಸಂಘ ಹುಟ್ಟಿತು. ಬ್ರಿಟನ್ನಿನ ಗುಡ್ಡಗಳಲ್ಲಿ ದಾರಿತಪ್ಪಿದವರನ್ನು ಹುಡುಕುವ ನಾಯಿಗಳ ತಂಡಗಳು ಅಂದಿನಿಂದ ಇಂದಿನವರೆಗೂ ಮುಖ್ಯವಾಗಿ ಸ್ವಯಂಸೇವಕರಿಂದಲೇ ನಡೆಯುತ್ತಿವೆ. ನಾಯಿ ಅವರದೇ, ಅದರ ಅನ್ನದ ಖರ್ಚೂ ಅವರದೇ. ಮಾಸ್ತರು, ಮರಗೆಲಸದವರು, ದಾದಿಯರು ನಡುರಾತ್ರಿಯ ಕರೆಗೆ ಎದ್ದು ಹೋಗಿ ಬೆಳಿಗ್ಗೆ ತಮ್ಮ ಕೆಲಸಕ್ಕೆ ಹಾಜರಾಗುತ್ತಾರೆ.

ಒಂದು ನಾಯಿ ಪೂರ್ಣವಾಗಿ ತಯಾರಾಗಲು ಸುಮಾರು ಎರಡು ವರ್ಷ ಬೇಕು. ಗುಡ್ಡದಲ್ಲಿ ಮೇಯುವ ಕುರಿಯನ್ನು ಅಟ್ಟಿಸಿಕೊಂಡು ಹೋಗುವ ನಾಯಿಗೆ ಮೊದಲ ಮೆಟ್ಟಿಲಲ್ಲೇ ತಡೆ. ಆಟದ ಆಸೆ, ಊಟದ ಆಸೆಗಳನ್ನೇ ಹಿಡಿದು ಪಾಠ ಸಾಗುತ್ತದೆ. ನಾಯಿಯ ಪಾಲಿಗೆ ಹುಡುಕಾಟವೆಲ್ಲ ಒಂದು ಆಟ. ಮನುಷ್ಯ ಸಿಕ್ಕರೆ ಚೆಂಡು ಸಿಗುತ್ತದೆ. ಆ ಆಟಕ್ಕಾಗಿ ಯಾರಾದರೂ ಕಳೆದುಹೋಗಬೇಕಲ್ಲ? ಆದ್ದರಿಂದ ನಾಯಿಯಿಲ್ಲದ ಸ್ವಯಂಸೇವಕರೂ ಬೇಕು. ಅವರು ಮಳೆಯಲ್ಲಿ, ಕೊರೆಯುವ ಗಾಳಿಯಲ್ಲಿ, ಬಂಡೆಯ ಸಂದಿನಲ್ಲೋ ಪೊದೆಯ ಮರೆಯಲ್ಲೋ ಗಂಟೆಗಟ್ಟಲೆ ಮಲಗಿ, ಎಳೆಯ ನಾಯಿಯೊಂದು ತಮ್ಮನ್ನು ಹುಡುಕಿ ಬರಲೆಂದು ಕಾಯುತ್ತಾರೆ. ಈ ಚರಿತ್ರೆಯಲ್ಲಿ ಇವರಷ್ಟು ಅಜ್ಞಾತರು ಬೇರಿಲ್ಲ. ಅವರಿಗೆ ಪದಕವಿಲ್ಲ, ಅವರ ಫೋಟೋ ಪತ್ರಿಕೆಯಲ್ಲಿ ಬರುವುದಿಲ್ಲ. ಆದರೆ ಅವರು ಮಲಗದಿದ್ದರೆ ನಾಯಿ ಕಲಿಯುವುದಿಲ್ಲ.

ಈ ವಿದ್ಯೆಯನ್ನು ಶಾಸ್ತ್ರವಾಗಿ ಬರೆದಿಟ್ಟವರೂ ಹವ್ಯಾಸಿಗಳೇ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ವಿಲಿಯಂ ಮತ್ತು ಜೀನ್ ಸಿರೊಟಕ್ ದಂಪತಿಗಳು 1960ರ ದಶಕದಲ್ಲಿ ಜರ್ಮನ್ ಶೆಫರ್ಡ್ ನಾಯಿಗಳ ತಂಡ ಕಟ್ಟಿದರು. 1972ರಲ್ಲಿ ಅದು ಅಮೆರಿಕನ್ ರೆಸ್ಕ್ಯೂ ಡಾಗ್ ಅಸೋಸಿಯೇಷನ್ ಆಯಿತು. ಅದೇ ವರ್ಷ ವಿಲಿಯಂ ಸಿರೊಟಕ್ ವಾಸನೆ ಮತ್ತು ನಾಯಿಯ ಕುರಿತ ಪುಸ್ತಕವನ್ನು ಪ್ರಕಟಿಸಿದ. ಮನುಷ್ಯನ ದೇಹದಿಂದ ಕಣ್ಣಿಗೆ ಕಾಣದ ಚರ್ಮದ ಹುಡಿ ಎಡೆಬಿಡದೆ ಉದುರುತ್ತಿರುತ್ತದೆ. ಸೂಕ್ಷ್ಮಾಣುಗಳ ಚಟುವಟಿಕೆಯಿಂದ ಅದಕ್ಕೆ ವಾಸನೆ ಬರುತ್ತದೆ, ಗಾಳಿ ಅದನ್ನು ಬೀಸಣಿಗೆಯಂತೆ ಹರಡುತ್ತದೆ. ನೆಲದ ಜಾಡು ಹಿಡಿಯುವ ನಾಯಿ ಒಂದು ಬಗೆ. ಮೂಗೆತ್ತಿ ಗಾಳಿಯಲ್ಲಿ ತೇಲಿಬರುವ ವಾಸನೆಯ ಮೂಲಕ್ಕೆ ಅಡ್ಡಾದಿಡ್ಡಿ ಓಡುವ ನಾಯಿ ಇನ್ನೊಂದು ಬಗೆ. ಬಿಸಿಲೇರಿದಾಗ ವಾಸನೆ ಮೇಲೇಳುತ್ತದೆ, ಸಂಜೆ ತಂಪಾದಾಗ ಕಣಿವೆಗೆ ಇಳಿಯುತ್ತದೆ. ಕಾಂಕ್ರೀಟಿನ ಅವಶೇಷದಲ್ಲಿ ಅದು ಸಂದುಗೊಂದುಗಳ ಮೂಲಕ ಹರಿದು, ಮನುಷ್ಯ ಹೂತಿರುವ ಜಾಗದಿಂದ ಎಷ್ಟೋ ದೂರದಲ್ಲಿ ಹೊರಬರಬಹುದು. ಆದ್ದರಿಂದ ನಾಯಿ ನಿಂತಲ್ಲಿ ಅಗೆದರೆ ಸಾಲದು. ಗಾಳಿಯ ದಿಕ್ಕನ್ನು ಓದಿ ಮೂಲವನ್ನು ಊಹಿಸುವ ಹೊಣೆ ಮನುಷ್ಯನದು.

ಹವ್ಯಾಸಕ್ಕೂ ಮಿತಿಯುಂಟು. 1995ರ ಏಪ್ರಿಲ್ 19ರಂದು ಓಕ್ಲಹೋಮ ನಗರದ ಸರ್ಕಾರಿ ಕಟ್ಟಡ ಬಾಂಬಿಗೆ ಉರುಳಿದಾಗ, ವಿಲ್ಮಾ ಮೆಲ್ವಿಲ್ ಎಂಬ ನಿವೃತ್ತ ಶಿಕ್ಷಕಿ ತನ್ನ ಕಪ್ಪು ಲ್ಯಾಬ್ರಡಾರ್ ಮರ್ಫಿಯೊಡನೆ ಅಲ್ಲಿಗೆ ಹೋದಳು. ಅಷ್ಟು ದೊಡ್ಡ ದೇಶದಲ್ಲಿ ಇಂಥ ಕೆಲಸಕ್ಕೆ ಪೂರ್ಣ ಅರ್ಹತೆ ಪಡೆದ ನಾಯಿಗಳು ಕೈಬೆರಳೆಣಿಕೆಯಷ್ಟೇ ಇರುವುದನ್ನು ಕಂಡ ಆಕೆ, ಮರುವರ್ಷ ಒಂದು ಪ್ರತಿಷ್ಠಾನ ಕಟ್ಟಿದಳು. ಯಾರಿಗೂ ಬೇಡವಾಗಿ ಪ್ರಾಣಿಧಾಮ ಸೇರಿದ ನಾಯಿಗಳನ್ನು ಆರಿಸಿ, ತರಬೇತಿ ಕೊಟ್ಟು, ಅಗ್ನಿಶಾಮಕ ದಳದವರ ಜೊತೆ ಸೇರಿಸುವ ಕೆಲಸ ಅದರದ್ದು. ಉತ್ಸಾಹಕ್ಕೆ ಪರೀಕ್ಷೆಯ ಶಿಸ್ತು ಬೇಕೆಂಬ ತೀರ್ಮಾನಕ್ಕೆ ಬಂದವಳು ಸ್ವಯಂಸೇವಕಿಯೇ ಎಂಬುದು ಗಮನಾರ್ಹ. 2001ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಅವಳಿ ಗೋಪುರಗಳ ಅವಶೇಷದಲ್ಲಿ ನೂರಾರು ನಾಯಿಗಳು ದುಡಿದವು. ಮೊದಲ ದಿನಗಳ ನಂತರ ಬದುಕಿದವರು ಯಾರೂ ಸಿಗಲಿಲ್ಲ. ಹುಡುಕಿ ಹುಡುಕಿ ಯಾರೂ ಸಿಗದಿದ್ದರೆ ನಾಯಿಗೂ ಉತ್ಸಾಹ ಕುಗ್ಗುತ್ತದೆ. ಆಗ ಜೊತೆಗಾರರಲ್ಲೊಬ್ಬರು ಅವಶೇಷದ ಮರೆಯಲ್ಲಿ ಅಡಗಿ ನಾಯಿಗೆ ಸಿಗುತ್ತಿದ್ದರು. ಅಂಥ ಸ್ಥಳದಲ್ಲಿ ನಾಯಿಯ ಮನಸ್ಸು ಮುರಿಯಬಾರದೆಂದು ಆಡಿದ ಆ ಕಣ್ಣಾಮುಚ್ಚಾಲೆ ಈ ಚರಿತ್ರೆಯ ಅತ್ಯಂತ ಮಾನವೀಯ ಕ್ಷಣಗಳಲ್ಲೊಂದು.

*

ನಮ್ಮ ದೇಶದಲ್ಲಿ ಈ ವಿದ್ಯೆ ಬೆಳೆದ ದಾರಿ ಬೇರೆ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ನಾಯಿಗಳೊಡನೆ ಬಂದಿಳಿದವರಲ್ಲಿ ವಿದೇಶಿ ತಂಡಗಳಿದ್ದವು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ನಂತರ, 2006ರಲ್ಲಿ, ಎನ್‌ಡಿಆರ್‌ಎಫ್ ಅಂದರೆ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ ರಚನೆಯಾಯಿತು. ಅದರ ಶ್ವಾನದಳಗಳು ಇಂದು ಲೋಕಪ್ರಸಿದ್ಧ. 2023ರ ಫೆಬ್ರವರಿಯಲ್ಲಿ ತುರ್ಕಿಯ ಭೂಕಂಪದ ನಂತರ ನುರ್ದಾಗಿ ಪಟ್ಟಣದಲ್ಲಿ ಜೂಲಿ ಎಂಬ ಲ್ಯಾಬ್ರಡಾರ್ ಅವಶೇಷದ ಒಂದು ಕಡೆ ನಿಂತು ಬೊಗಳಿತು. ಖಚಿತಪಡಿಸಿಕೊಳ್ಳಲು ರೋಮಿಯೋ ಎಂಬ ಇನ್ನೊಂದು ನಾಯಿಯನ್ನು ಬಿಟ್ಟಾಗ ಅದೂ ಅಲ್ಲಿಯೇ ಬೊಗಳಿತು. ಆರು ವರ್ಷದ ಬಾಲಕಿಯೊಬ್ಬಳು ಅಲ್ಲಿಂದ ಜೀವಂತವಾಗಿ ಹೊರಬಂದಳು. ಹೊರನಾಡಿನಲ್ಲಿರುವ ನಮ್ಮಲ್ಲಿ ಅನೇಕರ ಮನೆಗೆ ಈ ಪಡೆಯ ನೆಲೆಗಳು ಹತ್ತಿರದಲ್ಲಿಯೇ ಇವೆ: ಪುಣೆಯ ಸಮೀಪ ಸುದುಂಬರೆ, ಚೆನ್ನೈನ ಸಮೀಪ ಅರಕ್ಕೋಣಂ, ದಿಲ್ಲಿಯ ಪಕ್ಕದ ಗಾಜಿಯಾಬಾದ್.

ಆದರೆ ಇಲ್ಲಿ ಈ ಕೆಲಸ ಬಹುಮಟ್ಟಿಗೆ ಸಮವಸ್ತ್ರದವರದ್ದಾಗಿಯೇ ಉಳಿದಿದೆ. ಗ್ಲೆನ್‌ಕೋದಲ್ಲಿ ಕಂಡಂಥ ನಾಗರಿಕ ಪರಂಪರೆ ನಮ್ಮಲ್ಲಿ ಬೇರೂರಿಲ್ಲ. 2014ರ ಜುಲೈನಲ್ಲಿ ಪುಣೆ ಜಿಲ್ಲೆಯ ಮಾಳಿಣ್ ಗ್ರಾಮ, 2024ರ ಜುಲೈನಲ್ಲಿ ಉತ್ತರ ಕನ್ನಡದ ಶಿರೂರು, ಅದೇ ತಿಂಗಳ ಕೊನೆಯಲ್ಲಿ ವಯನಾಡು ಹೀಗೆ ಪಶ್ಚಿಮಘಟ್ಟದ ಉದ್ದಕ್ಕೂ ಮಳೆಗಾಲದಲ್ಲಿ ಗುಡ್ಡಗಳು ಕುಸಿಯುತ್ತಿವೆ. ಮೊದಲು ಓಡಿಬರುವವರು ಯಾವಾಗಲೂ ಅಕ್ಕಪಕ್ಕದ ಊರಿನ ಜನ. ಪಡೆ ಬರುವಷ್ಟರಲ್ಲಿ ಗಂಟೆಗಳು ಸಂದಿರುತ್ತವೆ. ರಸ್ತೆಯೇ ಕೊಚ್ಚಿಹೋಗಿದ್ದರೆ ಇನ್ನೂ ತಡ. ಹೂತವರ ಪಾಲಿಗೆ ಆ ಗಂಟೆಗಳೇ ನಿರ್ಣಾಯಕ. ತರಬೇತಿಯಿಲ್ಲದ ಉತ್ಸಾಹಿಗಳು ತಮ್ಮ ಸಾಕುನಾಯಿಯನ್ನು ಹಿಡಿದುಕೊಂಡು ಅಲ್ಲಿಗೆ ನುಗ್ಗಬೇಕೆಂದು ನಾನು ಹೇಳುತ್ತಿಲ್ಲ. ಹಾಗೆ ನುಗ್ಗಿದರೆ ವಾಸನೆ ಕಲಸಿಹೋಗಿ ಬಲ್ಲ ನಾಯಿಯ ಕೆಲಸವೂ ಕೆಡುತ್ತದೆ. 1968ರ ಪೌರರಕ್ಷಣಾ ಕಾಯ್ದೆ ನಾಗರಿಕರಿಗೆ ಸ್ವಯಂಸೇವೆಯ ಬಾಗಿಲನ್ನು ತೆರೆದಿಟ್ಟಿದೆ. 2009ರ ತಿದ್ದುಪಡಿ ವಿಪತ್ತು ನಿರ್ವಹಣೆಯನ್ನೂ ಅದರೊಳಗೆ ತಂದಿದೆ. ಆ ಬಾಗಿಲಿನಿಂದ ಘಟ್ಟದ ಜಿಲ್ಲೆಗಳಲ್ಲಿ ಪರೀಕ್ಷೆಗೊಳಪಟ್ಟ, ಪಡೆಯ ಅಧೀನದಲ್ಲಿ ದುಡಿಯುವ ನಾಯಿ-ನಾಗರಿಕ ಜೋಡಿಗಳು ಒಳಬರಬಾರದೇಕೆ ಎಂಬುದು ನನ್ನ ಪ್ರಶ್ನೆ. ಎರಡು ವರ್ಷದ ತಾಳ್ಮೆ, ಗುಡ್ಡದ ನೆಲವನ್ನು ಬಲ್ಲ ಕಾಲು, ಮತ್ತು ಮಳೆಯಲ್ಲಿ ಅಡಗಿ ಮಲಗಲು ಒಪ್ಪುವ ನಾಲ್ಕಾರು ಜನ ಇದ್ದರೆ ಆರಂಭಿಸಬಹುದಾದ ಕೆಲಸ ಇದು.

ನಾಯಿಯ ಋಣವನ್ನು ಕಲ್ಲಿನಲ್ಲಿ ಬರೆಸಿದ ನಾಡು ನಮ್ಮದು. ಕ್ರಿ.ಶ. 949ರ ತಕ್ಕೋಲಂ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಗಂಗರ ಬೂತುಗ ಏನು ಬೇಕೆಂದು ಕೇಳಿದಾಗ, ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ಕಾಳಿ ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಮಣಲೆರ ಆತಕೂರಿನಲ್ಲಿ ಅದಕ್ಕೆ ಕಲ್ಲು ನಿಲ್ಲಿಸಿ ಪೂಜೆಗೆ ಭೂಮಿ ಬಿಟ್ಟ. ಮಂಡ್ಯ ಜಿಲ್ಲೆಯ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಸಂಗ್ರಹಾಲಯದಲ್ಲಿದೆ. ತಕ್ಕೋಲಂ ಇರುವುದು ಇಂದಿನ ಅರಕ್ಕೋಣಂ ಹತ್ತಿರವೇ; ವಿಪತ್ತು ಪಡೆಯ ನೆಲೆಗೂ ಆ ಹಳೆಯ ರಣಭೂಮಿಗೂ ಹೆಚ್ಚು ದೂರವಿಲ್ಲ. ಬ್ಯಾರಿಯ ಕತೆಯಲ್ಲಿ ನಾಯಿಯ ಹೆಸರಷ್ಟೇ ಉಳಿಯಿತು. ಆತಕೂರಿನ ಕಲ್ಲು ನಾಯಿಯ ಹೆಸರನ್ನೂ ಅದನ್ನು ಬೇಡಿ ಪಡೆದವನ ಹೆಸರನ್ನೂ ಒಟ್ಟಿಗೆ ಹೇಳುತ್ತದೆ.

ಕೊನೆಯದಾಗಿ ಆ 212 ಮಂದಿಯ ಮಾತು. ಮೊದಲ ಮಹಾಯುದ್ಧದ ನಾಯಿಗಳು ಸತ್ತವರನ್ನು ದಾಟಿಹೋಗಲು ಕಲಿತಿದ್ದವು. ಲಂಡನ್ನಿನಲ್ಲಿ ಮಾರ್ಗರೆಟ್ ಗ್ರಿಫಿನ್ ಸತ್ತವರಿದ್ದಲ್ಲಿಯೂ ನಿಂತಳು. ದೇಹ ಸಿಗದೆ ಉತ್ತರಕ್ರಿಯೆ ಮಾಡಲಾಗದ, ವರ್ಷಗಟ್ಟಲೆ ಬಾಗಿಲು ನೋಡುತ್ತ ಕೂತ ಮನೆಗಳು ಶಿರೂರಿನ, ವಯನಾಡಿನ ಸುತ್ತಮುತ್ತ ಇಂದಿಗೂ ಇವೆ. ಕಾಯುವಿಕೆಗೆ ಒಂದು ಕೊನೆ ಕೊಡುವುದೂ ರಕ್ಷಣೆಯ ಕೆಲಸವೇ. ಹೆಚ್ಚಿನ ದಿನಗಳಲ್ಲಿ ಸಿಗುವ ಫಲ ಅಷ್ಟೇ ಎಂದು ತಿಳಿದೂ ಮರುದಿನ ನಾಯಿಯ ಕೊರಳಿಗೆ ಹಗ್ಗ ಕಟ್ಟಿ ಹೊರಟವರಿಂದ ಈ ವಿದ್ಯೆ ನಮ್ಮ ಕಾಲದ ತನಕ ಬಂದಿದೆ.